ಬೇಸಿಗೆ ರಜೆಗೆ ಮಕ್ಕಳನ್ನು ಊರಿಗೆ ಕಳಿಸುವ ಮುನ್ನ

ಏಪ್ರಿಲ್ ಎರಡನೇ ವಾರದಲ್ಲಿ ಶಾಲೆಗೆ ಬೀಗ ಬಿದ್ದರೆ ಮತ್ತೆ ಗಂಟೆ ಬಾರಿಸುವುದು ಮೇ ತಿಂಗಳ ಕೊನೆಗೆ. ಅಷ್ಟರಲ್ಲಿ ಹುಬ್ಬಳ್ಳಿಯ ಮಕ್ಕಳು ಅಜ್ಜಿಯ ಮನೆಯೆಂದು ನರಗುಂದ, ಸವಣೂರು, ಹಾನಗಲ್ಲ ಕಡೆಗೆ ಹೋಗುತ್ತಾರೆ. ಆ ಊರುಗಳ ಮಕ್ಕಳು ಕಾಕಾನ ಮನೆ, ಮಾಮಾನ ಮನೆಯೆಂದು ಹುಬ್ಬಳ್ಳಿ, ಧಾರವಾಡಕ್ಕೆ ಬರುತ್ತಾರೆ. ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ರಜೆಯ ಹಿಂದಿನ ದಿನ ಮಕ್ಕಳು ಚೀಲ ಏರಿಸಿಕೊಂಡು ಓಡುವಾಗ ಅವರ ಖುಷಿ ನನಗೂ ತಟ್ಟುತ್ತದೆ, ಜೊತೆಗೆ ಕಳವಳವೂ ಶುರುವಾಗುತ್ತದೆ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆಯೂ ಹೊಂಡದ ಸುದ್ದಿ, ಕಾಲುವೆಯ ಸುದ್ದಿ ಬರುತ್ತಲೇ ಇರುತ್ತದೆ.

ರಜೆಯಲ್ಲಿ ಅಪಾಯ ಹೆಚ್ಚುವುದಕ್ಕೆ ಮಕ್ಕಳ ತುಂಟತನವನ್ನು ದೂರಿ ಪ್ರಯೋಜನವಿಲ್ಲ. ಅವರು ತಮಗೆ ಗೊತ್ತಿಲ್ಲದ ಊರಿನಲ್ಲಿರುತ್ತಾರೆ, ಅಷ್ಟೇ. ನರಗುಂದದ ಹುಡುಗನಿಗೆ ಕಾಲುವೆ ಗೊತ್ತು, ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿನ ವೇಗ ಗೊತ್ತಿಲ್ಲ. ಹುಬ್ಬಳ್ಳಿಯ ಹುಡುಗಿಗೆ ಸಿಗ್ನಲ್ ಗೊತ್ತು, ಕೃಷಿ ಹೊಂಡದ ಅಂಚು ಗೊತ್ತಿಲ್ಲ. ಆ ಊರಿನ ಹಿರಿಯರಿಗಾದರೋ ಇವೆಲ್ಲ ಎಷ್ಟು ರೂಢಿಯಾಗಿರುತ್ತವೆ ಎಂದರೆ, ಅವು ಅಪಾಯವೆಂದು ಅವರ ಕಣ್ಣಿಗೆ ಕಾಣುವುದೇ ಇಲ್ಲ.

‘ಹುಷಾರಾಗಿರು’ ಎಂದು ನಾವೆಲ್ಲರೂ ಹೇಳುತ್ತೇವೆ. ಆ ಮಾತು ಕೇಳಿದ ಮಗು ಏನು ಮಾಡಬೇಕು? ಎಲ್ಲಿ ನಿಲ್ಲಬೇಕು, ಯಾರನ್ನು ಕೂಗಬೇಕು, ಏನನ್ನು ಮುಟ್ಟಬಾರದು? ಅದೊಂದೂ ಆ ಮಾತಿನಲ್ಲಿ ಇಲ್ಲ. ಮಗುವಿನ ಕೈಕಾಲಿಗೆ ರೂಢಿಯಾಗುವಂತೆ ಮಾಡಿಸಿದ್ದು ಮಾತ್ರ ಗಾಬರಿಯ ಹೊತ್ತಿನಲ್ಲಿ ನೆರವಿಗೆ ಬರುತ್ತದೆ. ಹಾಗೆ ಮಾಡಿಸುವುದು ಹೇಗೆ ಎಂಬುದನ್ನೇ ಮುಂದೆ ಒಂದೊಂದಾಗಿ ಬರೆದಿದ್ದೇನೆ.

ಮೊದಲ ಕೆಲಸ: ಬಂದ ಮರುದಿನವೇ ಊರು ಸುತ್ತಿಸಿ

ಬೆಳಿಗ್ಗೆ ಬಿಸಿಲೇರುವ ಮೊದಲು ಅಜ್ಜನೋ ಮಾಮಾನೋ ಮಕ್ಕಳನ್ನು ಕರೆದುಕೊಂಡು ಹೊರಡಲಿ. ಮನೆಯ ಹಿತ್ತಲು, ಓಣಿಯ ಕೊನೆ, ಕೆರೆಯ ಏರಿ, ಹೊಲದ ಹೊಂಡ, ಹಳೆಯ ಬಾವಿ, ಟ್ರಾನ್ಸ್‌ಫಾರ್ಮರ್ ಇರುವ ಕಂಬ, ಬಸ್ ನಿಲ್ದಾಣ ಎಲ್ಲವನ್ನೂ ತೋರಿಸಲಿ. ಒಂದೊಂದು ಜಾಗದಲ್ಲಿ ನಿಂತು ಉಪದೇಶ ಮಾಡುವ ಬದಲು ಪ್ರಶ್ನೆ ಕೇಳಿ: ‘ಇಲ್ಲಿ ಚೆಂಡು ಬಿದ್ದರೆ ಏನು ಮಾಡುತ್ತೀ?’ ‘ಇಲ್ಲಿ ಕಾಲು ಜಾರಿದರೆ ಹಿಡಿದುಕೊಳ್ಳಲು ಏನಿದೆ?’ ಮಗು ತಾನೇ ಸುತ್ತ ನೋಡಿ ‘ಏನೂ ಇಲ್ಲ’ ಎಂದು ಹೇಳಿದರೆ ನಿಮ್ಮ ಅರ್ಧ ಪಾಠ ಮುಗಿಯಿತು. ಹೊಂಡದ ಹತ್ತಿರ ಉದ್ದನೆಯ ಗಳವೊಂದನ್ನು ನೀರಿಗೆ ಇಳಿಬಿಟ್ಟು ತೋರಿಸಿ. ಗಳ ಮುಳುಗಿದಷ್ಟು ಎತ್ತರವನ್ನು ಮಗುವಿನ ಪಕ್ಕದಲ್ಲಿ ನಿಲ್ಲಿಸಿ ತೋರಿಸಿದರೆ ಆಳ ಎಂದರೇನು ಎಂಬುದು ಬೇರೆ ಮಾತಿಲ್ಲದೆ ತಿಳಿಯುತ್ತದೆ.

ಮನೆಗೆ ಬಂದ ಮೇಲೆ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಊರಿನ ನಕ್ಷೆ ಬಿಡಿಸಲು ಹೇಳಿ. ಒಬ್ಬರೇ ಹೋಗಬಹುದಾದ ಎಲ್ಲೆ ಯಾವುದು ಎಂಬುದನ್ನು ಮೀಟರ್ ಲೆಕ್ಕದಲ್ಲಿ ಹೇಳಬೇಡಿ. ‘ಈ ಕಡೆಗೆ ಹನುಮಂತ ದೇವರ ಗುಡಿ, ಆ ಕಡೆಗೆ ಹಿಟ್ಟಿನ ಗಿರಣಿ, ಅದರಾಚೆ ದೊಡ್ಡವರ ಜೊತೆ ಮಾತ್ರ’ ಎನ್ನಿ. ಮಕ್ಕಳು ಇಂಥ ಗಡಿಯನ್ನು ನೆನಪಿಡುತ್ತಾರೆ, ಬೇರೆ ಮಕ್ಕಳಿಗೂ ಹೇಳುತ್ತಾರೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಬಾವಿಯಲ್ಲಿ ದೆವ್ವ ಇದೆ, ಕೆರೆಯಲ್ಲಿ ಕಾಲೆಳೆಯುವವಳು ಇದ್ದಾಳೆ ಎಂದು ಹೆದರಿಸುವುದನ್ನು ದಯವಿಟ್ಟು ಬಿಡಿ. ಆರು ವರ್ಷದ ಮಗು ನಂಬುತ್ತದೆ. ಹತ್ತನೆಯ ವರ್ಷಕ್ಕೆ ಅದು ಸುಳ್ಳೆಂದು ಗೊತ್ತಾದಾಗ ದೆವ್ವದ ಜೊತೆಗೆ ನೀರಿನ ಭಯವನ್ನೂ ಸುಳ್ಳಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಒಬ್ಬನೇ ನೀರಿಗಿಳಿಯುವ ಧೈರ್ಯ ಬರುವುದೂ ಆ ವಯಸ್ಸಿನಲ್ಲಿಯೇ.

ನೀರು: ಇದಕ್ಕೆ ಹೆಚ್ಚು ಹೊತ್ತು ಕೊಡಿ

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನಾದ್ಯಂತ 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದಕ್ಕೆ ಮೂರನೇ ಸ್ಥಾನ. ನಮ್ಮ ಕಡೆ ನೀರು ಕಡಿಮೆ, ಬೇಸಿಗೆಯಲ್ಲಿ ಹಳ್ಳಗಳು ಬತ್ತುತ್ತವೆ ಎಂಬ ಸಮಾಧಾನ ಬೇಡ. ಉಳಿದ ನೀರು ಎಲ್ಲಿ ಉಳಿದಿದೆ ಎಂದು ನೋಡಿ. ಅದು ಉಳಿಯುವುದೇ ಆಳದಲ್ಲಿ.

ಕೃಷಿ ಹೊಂಡದಿಂದ ಶುರು ಮಾಡೋಣ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಹೊಲಗಳಲ್ಲಿ ಹೊಂಡಗಳಾದವು. ಬೆಳೆಗೆ ಅವು ದೊಡ್ಡ ಆಸರೆ. ಆಳ ಸಾಮಾನ್ಯವಾಗಿ 3 ಮೀಟರ್, ಎಂದರೆ ಎತ್ತರದ ಗಂಡಸು ಕೈ ಮೇಲೆತ್ತಿ ನಿಂತರೂ ಮುಳುಗುವಷ್ಟು. ನೀರು ಇಂಗದಿರಲೆಂದು ಇಳಿಜಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಹಾಳೆಯ ಮೇಲೆ ಪಾಚಿ ಕಟ್ಟಿದರೆ ಒಳಗೆ ಬಿದ್ದವರಿಗೆ ಕಾಲೂರಲು ನೆಲೆಯಿಲ್ಲ. ಈಜು ಬಲ್ಲವರೂ ದಡ ಮುಟ್ಟಿದ ಮೇಲೆ ಮೇಲೇರಲಾಗದೆ ದಣಿದು ಸೋಲುತ್ತಾರೆ. ನಿಮ್ಮ ಹೊಲದಲ್ಲಿ ಹೊಂಡವಿದ್ದರೆ ಸುತ್ತ ಬೇಲಿ ಇರಲಿ. ಅದರ ಜೊತೆಗೆ ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟ ನೆಟ್ಟು, ಗೇಣಿಗೊಂದು ಗಂಟು ಹಾಕಿದ ಹಗ್ಗವನ್ನು ನೀರಿನ ತಳದವರೆಗೆ ಇಳಿಬಿಡಿ. ಕೆಲವು ನೂರು ರೂಪಾಯಿಯ ಕೆಲಸವಿದು. ಗಾಳಿ ತುಂಬಿದ ಹಳೆಯ ಟ್ಯೂಬೊಂದನ್ನು ಹಗ್ಗ ಕಟ್ಟಿ ದಡದಲ್ಲಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ವರದಾ, ತುಂಗಭದ್ರಾ ನದಿಗಳು. ವರದೆ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವವರೆಗೂ ಅವಳ ದಂಡೆಗುಂಟ ಊರುಗಳಿವೆ. ಬೇಸಿಗೆಯಲ್ಲಿ ಹರಿವು ನಿಂತು ಅಲ್ಲಲ್ಲಿ ಮಡುಗಳು ಉಳಿಯುತ್ತವೆ. ಮರಳು ತೆಗೆದ ಕಡೆಗಳಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ. ಕಲಕಿದ ನೀರಿನಲ್ಲಿ ಅದು ಕಾಣುವುದಿಲ್ಲ. ‘ನಾನು ಸಣ್ಣವನಿದ್ದಾಗ ಇಲ್ಲಿಯೇ ಈಜುತ್ತಿದ್ದೆ’ ಎಂದು ಮಾಮಾ ಹೇಳಿದರೆ, ಆಗಿನ ಹೊಳೆಯ ತಳ ಈಗ ಇಲ್ಲ ಎಂದು ಅವರಿಗೆ ನೆನಪು ಮಾಡಿ. ಹೂಳು ತೆಗೆಸಿದ ಕೆರೆಗಳಿಗೂ ಇದೇ ಮಾತು ಸಲ್ಲುತ್ತದೆ. ಮಲಪ್ರಭಾ ಕಾಲುವೆಗಳ ಬದಿಯ ನರಗುಂದ, ನವಲಗುಂದ ಸೀಮೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಹಿಂದೆ ಮಕ್ಕಳು ಹೋಗುತ್ತಾರೆ. ಕಾಲುವೆಯ ಗೋಡೆ ಇಳಿಜಾರು, ನೀರು ಬಿಟ್ಟಾಗ ಸೆಳೆತ ಜೋರು. ಅಲ್ಲಿ ಮಗುವಿಗೆ ಒಂದೇ ನಿಯಮ ಸಾಕು: ಮೇಲಿನ ದಾರಿಯಲ್ಲಿಯೇ ಇರಬೇಕು, ಇಳಿಜಾರಿಗೆ ಕಾಲಿಡಬಾರದು.

ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾದದ್ದು ನಾಲ್ಕು ಮಾತು: ಕೂಗು, ಎಸೆ, ಚಾಚು, ಇಳಿಯಬೇಡ. ಒಬ್ಬ ಮುಳುಗುವಾಗ ಅವನನ್ನು ಹಿಡಿಯಲು ಇನ್ನೊಬ್ಬ ಹೋಗಿ, ಅವನನ್ನು ಹಿಡಿಯಲು ಅಕ್ಕ ಹೋಗಿ, ಒಂದೇ ಮನೆಯ ಮಕ್ಕಳೆಲ್ಲ ನೀರುಪಾಲಾದ ಸುದ್ದಿಗಳನ್ನು ನಾವು ಓದುತ್ತೇವೆ. ಅದು ಪ್ರೀತಿಯಿಂದ ಆದ ಸಾವು. ಆದ್ದರಿಂದ ಆ ಪ್ರೀತಿ ಏನು ಮಾಡಬೇಕೆಂಬುದನ್ನು ಮೊದಲೇ ಕಲಿಸಿರಬೇಕು. ಅಂಗಳದಲ್ಲಿ ಆಟದಂತೆ ಆಡಿಸಿ. ಒಬ್ಬ ಮಗು ನಡುವೆ ಕುಳಿತು ಕೈ ಆಡಿಸಲಿ. ಉಳಿದವರು ಮೊದಲು ಗಟ್ಟಿಯಾಗಿ ಕೂಗಲಿ. ಆಮೇಲೆ ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಲಿ. ಹತ್ತಿರದಲ್ಲಿದ್ದರೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಗಳವನ್ನೋ ಸೀರೆಯನ್ನೋ ಧೋತರವನ್ನೋ ಚಾಚಲಿ. ನಿಂತು ಚಾಚಿದರೆ ಮುಳುಗುವವನ ಎಳೆತಕ್ಕೆ ದಡದಲ್ಲಿರುವವನೂ ಬೀಳುತ್ತಾನೆ. ಅದಕ್ಕೇ ಮಲಗಬೇಕು ಎಂಬುದನ್ನು ಎಳೆದು ತೋರಿಸಿ. ಹತ್ತು ನಿಮಿಷದ ಈ ಆಟವನ್ನು ವಾರಕ್ಕೊಮ್ಮೆ ಆಡಿಸಿದರೂ ಕೈಗೆ ರೂಢಿಯಾಗುತ್ತದೆ.

ಮುಳುಗುವವರು ಕೂಗುತ್ತಾರೆ ಎಂಬುದು ಹೆಚ್ಚಿನ ಸಲ ನಿಜವಲ್ಲ. ಉಸಿರಿಗಾಗಿ ಹೋರಾಡುವವರಿಗೆ ಕೂಗಲು ಉಸಿರೇ ಇರುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಕೈಗಳು ನೀರನ್ನು ಒತ್ತುತ್ತಿದ್ದರೆ ಅದು ಆಟವಲ್ಲ. ಮಕ್ಕಳು ನೀರಿನಲ್ಲಿರುವಾಗ ಕಾಯುವ ದೊಡ್ಡವರು ಮೊಬೈಲನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಕಣ್ಣು ತೆಗೆಯಬಾರದು. ‘ದೊಡ್ಡವರು’ ಎಂದರೆ ಈಜು ಬಲ್ಲ ವಯಸ್ಕರು. ಒಂಬತ್ತನೇ ತರಗತಿಯ ಅಣ್ಣನನ್ನು ಆ ಲೆಕ್ಕಕ್ಕೆ ಹಿಡಿಯಬೇಡಿ.

ಈಜು ಕಲಿಸಿ, ಖಂಡಿತ ಕಲಿಸಿ. ಬೆನ್ನಿಗೆ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಯನ್ನು ಅಪ್ಪ ಹಿಡಿದು ಬಾವಿಯಲ್ಲಿ ಕಲಿಸುವ ನಮ್ಮ ಹಳೆಯ ಪದ್ಧತಿ ಒಳ್ಳೆಯದೇ, ಹಗ್ಗ ಹಿಡಿದವರು ಬಿಡದಿದ್ದರೆ. ಹುಬ್ಬಳ್ಳಿ, ಧಾರವಾಡಗಳಲ್ಲಿ ಬೇಸಿಗೆಗೆ ತರಬೇತಿ ಕೊಡುವ ಈಜುಕೊಳಗಳಿವೆ. ಮೊದಲ ಪಾಠ ಕೈ ಬೀಸುವುದಾಗಿರಬಾರದು. ಬೆನ್ನ ಮೇಲೆ ಮಲಗಿ, ಮುಖ ಮೇಲೆ ಮಾಡಿ, ಸುಮ್ಮನೆ ತೇಲುವುದನ್ನು ಮೊದಲು ಕಲಿಯಲಿ. ಹೆಣ್ಣುಮಕ್ಕಳಿಗೂ ಕಲಿಸಿ ಎಂದು ಕೈಮುಗಿದು ಕೇಳುತ್ತೇನೆ. ನೀರು ತರಲು, ಬಟ್ಟೆ ಒಗೆಯಲು ಅವರನ್ನು ಕೆರೆಗೆ ಕಳಿಸುತ್ತೇವೆ. ಈಜನ್ನು ಮಾತ್ರ ಗಂಡುಮಕ್ಕಳ ಪಾಲಿಗೆ ಬಿಟ್ಟಿದ್ದೇವೆ. ಇದು ಸರಿಯಲ್ಲ.

ಮುಳುಗಿದ ಮಗುವನ್ನು ಮೇಲೆತ್ತಿದ ಮೇಲೆ ಏನು ಮಾಡಬೇಕು ಎಂಬುದನ್ನು ದೊಡ್ಡವರು ತಿಳಿದಿರಬೇಕು. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡವೇ ಬೇಡ. ಅದರಿಂದ ಹೊತ್ತು ಹಾಳು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಭಯ ಬೇರೆ. ಒಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಉಸಿರಾಟ ಇಲ್ಲದಿದ್ದರೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿ ಹಚ್ಚಿ ಎದೆ ಉಬ್ಬುವಂತೆ ಉಸಿರು ಊದಬೇಕು. ಅದಕ್ಕೂ ಚೇತರಿಕೆ ಕಾಣದಿದ್ದರೆ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು ಊದುವುದು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಇದನ್ನು ಓದಿ ಕಲಿಯಲಾಗದು. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿ, ಹತ್ತಾರು ಜನ ಸೇರಿ ಒಂದು ಮಧ್ಯಾಹ್ನ ಮಾಡಿ ನೋಡಿ ಕಲಿಯಿರಿ. ಚೇತರಿಸಿಕೊಂಡ ಮಗುವನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ಉಸಿರಾಟದ ತೊಂದರೆ ಕೆಲವು ತಾಸು ತಡವಾಗಿ ಕಾಣಿಸಿಕೊಳ್ಳುವುದುಂಟು.

ಹಗೇವು, ಕೊಳವೆಬಾವಿ, ಟ್ರ್ಯಾಕ್ಟರ್

ಹಳೆಯ ಮನೆಗಳ ಮುಂದೆ, ಕಣಗಳಲ್ಲಿ ಹಗೇವುಗಳು ಇನ್ನೂ ಇವೆ. ಜೋಳ ತುಂಬಿಡುತ್ತಿದ್ದ ಆ ನೆಲದೊಳಗಿನ ಕಣಜಗಳು ಈಗ ಹೆಚ್ಚಾಗಿ ಖಾಲಿ, ಬಾಯಿಗೊಂದು ಕಲ್ಲು ಅಷ್ಟೇ. ಮಕ್ಕಳಿಗೆ ಅದು ಕಣ್ಣುಮುಚ್ಚಾಲೆಗೆ ಹೇಳಿ ಮಾಡಿಸಿದ ಜಾಗ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಕಡಿಮೆಯಾಗಿ ವಿಷಗಾಳಿ ತಳದಲ್ಲಿ ನಿಂತಿರುತ್ತದೆ. ವಾಸನೆ ಬರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಇಳಿದವರು ಕೂಗುವ ಮೊದಲೇ ಕುಸಿಯುತ್ತಾರೆ. ಯಾರಾದರೂ ಒಳಗೆ ಬಿದ್ದರೆ ದೊಡ್ಡವರೂ ಬರಿದೇ ಇಳಿಯಬಾರದು, 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು. ಗೋಬರ್ ಗ್ಯಾಸ್ ಗುಂಡಿ, ಶೌಚಾಲಯದ ಗುಂಡಿಗಳಿಗೂ ಇದೇ ನಿಯಮ. ಬಳಸದ ಹಗೇವನ್ನು ಮಣ್ಣು ತುಂಬಿ ಮುಚ್ಚಿಬಿಡಿ.

ನೀರು ಬಾರದ ಕೊಳವೆಬಾವಿಯ ಬಾಯಿಗೆ ಚೀಲ ಕಟ್ಟಿ, ಕಲ್ಲಿಟ್ಟು ಬಿಡುವುದು ಮುಚ್ಚಿದಂತಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಕೊಳವೆಬಾವಿಗೆ ಬಿದ್ದು, ಸುಮಾರು 20 ತಾಸಿನ ಕಾರ್ಯಾಚರಣೆಯ ಬಳಿಕ ಜೀವಂತವಾಗಿ ಹೊರಬಂದಿತು. ಎಲ್ಲ ಮಕ್ಕಳಿಗೂ ಆ ಭಾಗ್ಯ ಸಿಕ್ಕಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿಯೇ ಇದರ ಬಗ್ಗೆ ನಿರ್ದೇಶನ ಕೊಟ್ಟಿದೆ: ಕೈಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು.

ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುವುದು ನಮ್ಮಲ್ಲಿ ಅಕ್ಕರೆಯ ಗುರುತು. ಅದು ಸೀಟಲ್ಲ. ಒಂದು ಕುಲುಕಿಗೆ ಮಗು ದೊಡ್ಡ ಗಾಲಿಯ ಮುಂದೆ ಬೀಳುತ್ತದೆ, ಹಿಂದೆ ರೋಟವೇಟರ್ ಇರುತ್ತದೆ. ಅಜ್ಜನೇ ಕರೆದರೂ ‘ನಾನು ನಡೆದು ಬರುತ್ತೇನೆ ಅಜ್ಜಾ’ ಎನ್ನಲು ಮಗುವಿಗೆ ಹೇಳಿಕೊಡಿ. ಅಜ್ಜನಿಗೂ ಮೊದಲೇ ತಿಳಿಸಿರಿ, ಇಲ್ಲದಿದ್ದರೆ ಮಗುವಿಗೆ ಇಕ್ಕಟ್ಟು.

ಮೈಯ ಮೇಲಿನ ಹಕ್ಕು

ಈ ಮಾತಿಗೆ ಬಂದರೆ ನಮ್ಮ ಮನೆಗಳಲ್ಲಿ ಮೌನ ಕವಿಯುತ್ತದೆ. ಏಪ್ರಿಲ್, ಮೇ ತಿಂಗಳು ಮದುವೆಗಳ ಕಾಲ. ಮನೆ ತುಂಬ ನೆಂಟರು, ರಾತ್ರಿ ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ. ಯಾರ ಪಕ್ಕದಲ್ಲಿ ಯಾರ ಮಗು ಮಲಗಿದೆ ಎಂದು ನೋಡುವವರಿರುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಮಗುವಿಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳು ಹೇಳುತ್ತವೆ. ‘ಅಪರಿಚಿತರು ಚಾಕೊಲೇಟ್ ಕೊಟ್ಟರೆ ತೆಗೆದುಕೊಳ್ಳಬೇಡ’ ಎಂಬ ಒಂದೇ ಪಾಠ ಹೇಳಿ ಸುಮ್ಮನಾದರೆ ಮನೆಯೊಳಗಿನ ಅಪಾಯ ಹಾಗೆಯೇ ಉಳಿಯುತ್ತದೆ.

ಮೈ ತೊಳೆಸುವಾಗ, ಬಟ್ಟೆ ಹಾಕುವಾಗ ಸಹಜವಾಗಿ ಹೇಳಿ. ಒಳಉಡುಪು ಮುಚ್ಚುವ ಭಾಗಗಳು ನಿನ್ನವು. ಅವನ್ನು ಯಾರೂ ಮುಟ್ಟಬಾರದು, ನೋಡಬಾರದು, ಫೋಟೊ ತೆಗೆಯಬಾರದು, ತಮ್ಮದನ್ನು ಮುಟ್ಟು ಎಂದೂ ಹೇಳಬಾರದು. ಸ್ವಚ್ಛ ಮಾಡಲು ಅವ್ವ, ಅವ್ವನ ಎದುರಿಗೆ ಡಾಕ್ಟರು ಮುಟ್ಟಬಹುದು. ಮಗು ಆ ಭಾಗಗಳ ಹೆಸರನ್ನು ನಾಚಿಕೆಯಿಲ್ಲದೆ ಹೇಳಲು ಕಲಿಯಲಿ. ಹೆಸರು ಗೊತ್ತಿಲ್ಲದ ಜಾಗದ ನೋವನ್ನು ಮಗು ಹೇಗೆ ಹೇಳೀತು?

ಎರಡನೆಯದು, ಗುಟ್ಟು. ‘ಯಾರಿಗೂ ಹೇಳಬೇಡ’ ಎಂದು ದೊಡ್ಡವರು ಹೇಳಿದರೆ ಅದನ್ನು ಅವತ್ತೇ ಅವ್ವನಿಗೆ ಹೇಳಬೇಕು ಎಂಬ ನಿಯಮ ಮಾಡಿ. ಅವ್ವ ಹತ್ತಿರವಿಲ್ಲದಿದ್ದರೆ ಯಾರಿಗೆ ಹೇಳಬೇಕು? ಚಿಗವ್ವ, ಅಜ್ಜಿ, ಶಾಲೆಯ ಟೀಚರ್, ಹೀಗೆ ಮೂವರ ಹೆಸರನ್ನು ಮಗುವೇ ಆರಿಸಲಿ. ಮೊದಲನೆಯವರು ನಂಬದಿದ್ದರೆ ಎರಡನೆಯವರಿಗೆ ಹೇಳಬೇಕು, ನಂಬುವವರು ಸಿಗುವ ತನಕ ಹೇಳುತ್ತಲೇ ಇರಬೇಕು.

ಮೂರನೆಯದು ದೊಡ್ಡವರಿಗೆ. ‘ಮಾಮಾಗೆ ಮುತ್ತು ಕೊಡು, ಕಾಕಾನ ತೊಡೆಯ ಮೇಲೆ ಕೂರು’ ಎಂದು ಮಗುವನ್ನು ಒತ್ತಾಯಿಸಬೇಡಿ. ಮಗು ಬೇಡವೆಂದರೆ ‘ನಮಸ್ಕಾರ ಮಾಡು, ಸಾಕು’ ಎನ್ನಿ. ಬೇಡ ಎನ್ನುವ ಹಕ್ಕು ಮನೆಯಲ್ಲಿ ಸಿಗದ ಮಗು ಬೇರೆಲ್ಲಿಯೂ ಅದನ್ನು ಬಳಸುವುದಿಲ್ಲ. ಮದುವೆ ಮನೆಯಲ್ಲಿ ಮಕ್ಕಳು ಯಾರ ಪಕ್ಕ ಮಲಗುತ್ತಾರೆ ಎಂಬುದನ್ನು ಹಾಸಿಗೆ ಹಾಸುವ ಮೊದಲೇ ನಿರ್ಧರಿಸಿ.

ಮಗು ಏನಾದರೂ ಹೇಳಿದರೆ ಕೂಗಾಡಬೇಡಿ, ‘ನೀನೇಕೆ ಅಲ್ಲಿ ಹೋಗಿದ್ದೆ’ ಎಂದು ಕೇಳಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ’ ಎಂಬುದು ಮೊದಲ ಮಾತಾಗಲಿ. ಮೈ ತೊಳೆಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. 1098 ಮಕ್ಕಳ ಸಹಾಯವಾಣಿ, ದಿನದ 24 ತಾಸೂ ಉಚಿತ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದ ದೊಡ್ಡವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಮಗುವಿನ ಹೆಸರು ಹೊರಗೆ ಬರುವಂತಿಲ್ಲ ಎಂಬ ರಕ್ಷಣೆಯೂ ಅದೇ ಕಾನೂನಿನಲ್ಲಿದೆ. ಮನೆತನದ ಮರ್ಯಾದೆಯ ಮಾತೆತ್ತುವ ಹಿರಿಯರಿದ್ದರೆ, ಅವರ ಎದುರಿಗೆ ಮಗುವಿನ ಪರವಾಗಿ ಒಬ್ಬರಾದರೂ ಎದ್ದು ನಿಲ್ಲಬೇಕು.

ದೂರವಾಣಿ ಸಂಖ್ಯೆ, ಮತ್ತು ಜಾತ್ರೆಯಲ್ಲಿ ಕೈ ತಪ್ಪಿದರೆ

ಎಷ್ಟೋ ಮಕ್ಕಳಿಗೆ ಅವ್ವನ ಮೊಬೈಲ್ ಸಂಖ್ಯೆ ಬರುವುದಿಲ್ಲ. ಫೋನಿನಲ್ಲಿ ‘ಅವ್ವ’ ಎಂಬ ಹೆಸರನ್ನು ಒತ್ತುವುದಷ್ಟೇ ಗೊತ್ತು. ಹತ್ತು ಅಂಕಿಗಳನ್ನು ಮಗ್ಗಿಯಂತೆ ರಾಗವಾಗಿ ಹೇಳಿಸಿ. ಜೊತೆಗೆ ಅಪ್ಪನ ಪೂರ್ಣ ಹೆಸರು, ಊರು, ತಾಲ್ಲೂಕು, ಓಣಿ. ಒಬ್ಬರು ಪೊಲೀಸರಂತೆ ಪ್ರಶ್ನೆ ಕೇಳಿ, ಇನ್ನೊಬ್ಬರು 112ಕ್ಕೆ ಕರೆ ಮಾಡಿದಂತೆ ಉತ್ತರಿಸುವ ಆಟ ಆಡಿಸಿ: ಏನಾಗಿದೆ, ಎಲ್ಲಿ, ಹತ್ತಿರದ ಗುರುತು ಏನು.

ಗದಗಿನ ತೋಂಟದಾರ್ಯ ಮಠದ ಜಾತ್ರೆ ದವನದ ಹುಣ್ಣಿಮೆಯ ಹೊತ್ತಿಗೆ ನಡೆಯುತ್ತದೆ, ರಜೆ ಶುರುವಾಗುವ ದಿನಗಳಲ್ಲಿಯೇ. ಇಂಥ ಜಾತ್ರೆಗೆ ಹೋಗುವ ಮುನ್ನ ಸಣ್ಣ ಮಕ್ಕಳ ತೋಳಿನ ಮೇಲೆ ಪೆನ್ನಿನಿಂದ ಮೊಬೈಲ್ ಸಂಖ್ಯೆ ಬರೆಯಿರಿ. ಅವತ್ತಿನ ಉಡುಪಿನಲ್ಲಿ ಮಗುವಿನದೊಂದು ಫೋಟೊ ತೆಗೆದಿಟ್ಟುಕೊಳ್ಳಿ, ಹುಡುಕುವಾಗ ತೋರಿಸಲು ಬೇಕಾಗುತ್ತದೆ. ಕೈ ತಪ್ಪಿದರೆ ಮಗು ಹುಡುಕುತ್ತಾ ಅಲೆಯಬಾರದು, ನಿಂತ ಕಡೆಯೇ ನಿಲ್ಲಬೇಕು. ಕೇಳುವುದಾದರೆ ಪೊಲೀಸರನ್ನು, ಅಂಗಡಿಯಲ್ಲಿ ಕುಳಿತವರನ್ನು, ಮಕ್ಕಳ ಜೊತೆಗಿರುವ ಹೆಂಗಸರನ್ನು ಕೇಳಬೇಕು. ‘ಬಾ, ನಿನ್ನ ಅವ್ವನ ಹತ್ತಿರ ಕರೆದುಕೊಂಡು ಹೋಗುತ್ತೇನೆ’ ಎಂದವರ ಹಿಂದೆ ಹೋಗಬಾರದು. ‘ಅವ್ವನನ್ನು ಇಲ್ಲಿಗೇ ಕರೆಯಿರಿ’ ಎನ್ನಬೇಕು. ತೇರಿನ ಗಾಲಿಯ ಹತ್ತಿರ ಮಕ್ಕಳು ಬೇಡ, ಹೆಗಲ ಮೇಲೆ ಕುಳಿತಿದ್ದರೂ ಬೇಡ.

ಹಾವು, ನಾಯಿ, ಸಿಡಿಲು

ಕುಳ್ಳಿನ ರಾಶಿ, ಕಟ್ಟಿಗೆ ಒಟ್ಟಿದ ಮೂಲೆ, ಬಣವಿಯ ಬುಡ, ಬಿರುಕು ಬಿಟ್ಟ ಎರೆಹೊಲ, ಇಲ್ಲೆಲ್ಲ ಬರಿಗೈ ಹಾಕಬಾರದು, ಮೊದಲು ಕೋಲಿನಿಂದ ತಟ್ಟಬೇಕು. ಬೇಸಿಗೆಯಲ್ಲಿ ಮಕ್ಕಳು ಅಂಗಳದಲ್ಲಿ ಮಲಗುತ್ತಾರೆ. ನೆಲದ ಹಾಸಿಗೆಗಿಂತ ಮಂಚ ಒಳ್ಳೆಯದು, ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಇನ್ನೂ ಒಳ್ಳೆಯದು. ಕಟ್ಟು ಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಇಲ್ಲದೆ, ಕೆಲವೊಮ್ಮೆ ಗುರುತೂ ಕಾಣದೆ ಇರಬಹುದು. ಮಗು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆಗಳು ಜೋತು ಬಿದ್ದು, ಮಾತು ತೊದಲಿದರೆ ಅಜೀರ್ಣವೆಂದು ಕಾಯಬೇಡಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಕ್ಕೆ ಓಡುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ನೋಡಿಕೊಂಡು, ಬಳೆ, ಕಾಲ್ಗಡಗ ತೆಗೆದು, ಮಗುವನ್ನು ನಡೆಸದೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕು. ಪ್ರತಿವಿಷದ ಚುಚ್ಚುಮದ್ದೇ ಮದ್ದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದವುಗಳ ಪಟ್ಟಿಗೆ ಸೇರಿಸಿದೆ.

ನಾಯಿ ಎದುರಾದರೆ ಓಡಬಾರದು. ಕೈಗಳನ್ನು ಮೈಗೆ ಒತ್ತಿ, ಕಣ್ಣು ನೆಲಕ್ಕೆ ಹಾಕಿ, ಅಲುಗದೆ ನಿಲ್ಲಬೇಕು. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಸುಣ್ಣ, ಅರಿಶಿನ ಹಚ್ಚಬೇಡಿ. ಅವತ್ತೇ ಚುಚ್ಚುಮದ್ದು ಶುರು ಮಾಡಿ, ಹೇಳಿದ ದಿನಗಳಿಗೆ ತಪ್ಪದೆ ಪೂರ್ತಿ ಮಾಡಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ. ಬೈಗುಳಕ್ಕೆ ಹೆದರಿ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ, ಆದ್ದರಿಂದ ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಡಿ.

ಅಶ್ವಿನಿ, ಭರಣಿ ಮಳೆಗಳು ರಜೆಯ ನಡುವೆಯೇ ಗುಡುಗಿನೊಂದಿಗೆ ಬರುತ್ತವೆ. ಗುಡುಗು ಕೇಳಿಸಿತೆಂದರೆ ಸಿಡಿಲು ಎಟುಕುವಷ್ಟು ಹತ್ತಿರವಿದೆ ಎಂದೇ ಲೆಕ್ಕ. ಹುಣಸೆ, ಬೇವು, ಮಾವಿನ ಮರದಡಿ ನಿಲ್ಲಬಾರದು. ಮಾವಿನಕಾಯಿ ಉದುರುವ ಹೊತ್ತೂ ಅದೇ ಆಗಿರುವುದರಿಂದ ಇದನ್ನು ಒತ್ತಿ ಹೇಳಿ. ಪಕ್ಕಾ ಮನೆಯೊಳಗೆ ಹೋಗಿ, ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬಾರದು. ಬಯಲಿನಲ್ಲಿ ಸಿಕ್ಕಿಬಿದ್ದರೆ ಕಾಲು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು, ಮಲಗಬಾರದು. ‘ದಾಮಿನಿ’ ಎಂಬ ಉಚಿತ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

ಮನೆಯೊಳಗೆ, ರಸ್ತೆಯಲ್ಲಿ

ಹತ್ತಿಗೂ ಮೆಣಸಿನಗಿಡಕ್ಕೂ ಹೊಡೆಯುವ ಕ್ರಿಮಿನಾಶಕವನ್ನು ತಂಪುಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಬಿಸಿಲಿನಿಂದ ಬಂದ ಮಗುವಿಗೆ ಅದು ತಂಪುಪಾನೀಯವೇ. ಮೂಲ ಡಬ್ಬಿಯಲ್ಲಿಯೇ ಇಟ್ಟು ಬೀಗ ಹಾಕಿ. ಮಗು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ, ಯಾವ ವಿಷವೆಂದು ವೈದ್ಯರಿಗೆ ತಿಳಿಯುವುದು ಅದರಿಂದಲೇ. ಅಡುಗೆ ಅನಿಲ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಬಾಗಿಲು ತೆರೆದು ಹೊರಗೆ ಓಡಿ ಹಿರಿಯರನ್ನು ಕರೆಯಬೇಕು ಎಂದು ಕಲಿಸಿ. ಅನಿಲ ಸೋರಿಕೆಯ ದೂರಿಗೆ 1906 ಸಂಖ್ಯೆ ಇದೆ.

ಹುಬ್ಬಳ್ಳಿ–ಧಾರವಾಡದ ದಾರಿಯಲ್ಲಿ ನಡುವಿನ ಪಥ ಚಿಗರಿ ಬಸ್ಸುಗಳದ್ದು. ಖಾಲಿ ಕಾಣುತ್ತದೆಂದು ನುಗ್ಗಬಾರದು, ಎರಡೂ ದಿಕ್ಕಿನಿಂದ ವೇಗವಾಗಿ ಬಸ್ ಬರುತ್ತವೆ. ಪಟ್ಟೆ ಇರುವಲ್ಲಿ, ಸಿಗ್ನಲ್ ನೋಡಿ, ದೊಡ್ಡವರ ಕೈ ಹಿಡಿದೇ ದಾಟಬೇಕು.

ಹದಿನಾಲ್ಕರ ಹುಡುಗನಿಗೆ ‘ಹಾಲು ತಾ’ ಎಂದು ಬೈಕಿನ ಕೀಲಿ ಕೊಡುವವರಿಗೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಮೊಬೈಲ್ ಕೈಯಲ್ಲಿದ್ದರೆ ಮನೆಯಲ್ಲೇ ಇದ್ದಾರಲ್ಲ ಎಂದು ನಿಶ್ಚಿಂತರಾಗಬೇಡಿ. ಒಟಿಪಿ ಹೇಳಬಾರದು, ಆಟದಲ್ಲಿ ಪರಿಚಯವಾದವರಿಗೆ ಫೋಟೊ ಕಳಿಸಬಾರದು, ಯಾರಾದರೂ ಬೆದರಿಸಿದರೆ ಅಳಿಸದೆ ತಂದು ತೋರಿಸಬೇಕು. ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ.

ಕೂಲಿಗೆ ಹೋಗುವ ಮನೆಗಳಲ್ಲಿ

ಇಷ್ಟೆಲ್ಲ ಮಾಡಿಸಲು ಮನೆಯಲ್ಲಿ ಯಾರಾದರೂ ಇರಬೇಕು. ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡುವ ಅವ್ವನ ಮನೆಯಲ್ಲಿ ಐದನೇ ತರಗತಿಯ ಹುಡುಗಿ ತಮ್ಮ, ತಂಗಿಯರನ್ನು ನೋಡಿಕೊಳ್ಳುತ್ತಾಳೆ. ಅವಳೂ ಮಗುವೇ, ನೀರಿಗೆ ಬಿದ್ದ ತಮ್ಮನನ್ನು ಹಿಡಿಯಲು ಹೋಗುವವಳೂ ಅವಳೇ. ಓಣಿಯ ನಾಲ್ಕೈದು ಮನೆಗಳು ಮಾತಾಡಿಕೊಂಡು ದಿನಕ್ಕೊಬ್ಬ ಹಿರಿಯರು ಮಕ್ಕಳನ್ನು ನೋಡಿಕೊಳ್ಳುವ ಸರದಿ ಮಾಡಿಕೊಳ್ಳಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ರಜೆಯಲ್ಲಿ ಅಲ್ಲಿ ಮಕ್ಕಳಿಗೆ ಶಿಬಿರ ನಡೆಸುವುದುಂಟು, ನಿಮ್ಮ ಊರಿನಲ್ಲಿ ಯಾವಾಗ ಎಂದು ವಿಚಾರಿಸಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಎಷ್ಟೋ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಇದೆ.

ಊರು ಸುತ್ತುವಾಗ ಕಂಡ ಬೇಲಿಯಿಲ್ಲದ ಹೊಂಡ, ಬಾಯಿ ತೆರೆದ ಕೊಳವೆಬಾವಿ, ಕಟ್ಟೆ ಒಡೆದ ಸಾರ್ವಜನಿಕ ಬಾವಿ, ಜೋತು ಬಿದ್ದ ವಿದ್ಯುತ್ ತಂತಿ, ಇವುಗಳ ಫೋಟೊ ತೆಗೆದು, ಜಾಗದ ಗುರುತು ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ತಂತಿಯ ವಿಷಯವನ್ನು ವಿದ್ಯುತ್ ಸಹಾಯವಾಣಿ 1912ಕ್ಕೂ ತಿಳಿಸಿ. ನಾಲ್ಕು ಮನೆಯವರು ಸೇರಿ ಸಹಿ ಮಾಡಿದರೆ ಕೆಲಸ ಬೇಗ ಆಗುತ್ತದೆ, ಗ್ರಾಮ ಸಭೆಯಲ್ಲಿ ಕೇಳಲು ಕೈಯಲ್ಲೊಂದು ಕಾಗದವೂ ಇರುತ್ತದೆ. ಅರ್ಜಿಯನ್ನು ಮಕ್ಕಳಿಂದಲೇ ಬರೆಸಿ. ಹೊಂಡ ಎಲ್ಲಿದೆ, ಅಲ್ಲಿ ಯಾರು ಆಡುತ್ತಾರೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.